ನೆಲದ ವಾಟ

ವಾಲ್ಪರೈಸೊದ ಈ ಗುಡ್ಡದಲ್ಲಿ ನನ್ನ ಮನೆಗೆ
ನೂರಾ ಅರವತ್ತಮೂರು ಮೆಟ್ಟಿಲು.
ಏದುಸಿರು ಬಿಡುತ್ತ ಹತ್ತಿ ಬಂದ ಯಾಸ್ನಾ
ಮೊದಲು ಕೇಳಿದ್ದು ನೀರು, ಆಮೇಲೆ ಮನೆಪತ್ರ.
ಮೆಟ್ಟಿಲಿಗೆಂದು ಇಷ್ಟು ಕಳೆದಳು,
ಕಡಲು ಕಾಣುವ ಕಿಟಕಿಗೆಂದು ಇಷ್ಟು ಕೂಡಿದಳು,
ಎದುರಿನ ಹೊಸ ಕಟ್ಟಡ ಅರ್ಧ ಕಡಲು ನುಂಗಿದ್ದಕ್ಕೆ
ಕೂಡಿದ್ದರಲ್ಲಿ ಅರ್ಧ ಮತ್ತೆ ಕಳೆದಳು.

ಇಲ್ಲಿ ಮನೆಯ ಬೆಲೆಯನ್ನು ಪೆಸೊದಲ್ಲಿ ಹೇಳುವುದಿಲ್ಲ,
ಯುಎಫ್ ಎಂಬೊಂದು ಲೆಕ್ಕದಲ್ಲಿ ಹೇಳುತ್ತಾರೆ.
ಅದಕ್ಕೆ ನೋಟಿಲ್ಲ, ನಾಣ್ಯವಿಲ್ಲ, ಮುಟ್ಟಿದವರಿಲ್ಲ;
ಬೆಳಗಾದರೆ ಕೂದಲೆಳೆಯಷ್ಟು ಕದಲಿರುತ್ತದೆ.
ಎರಡು ಸಾವಿರದ ಆರುನೂರು, ಎಂದಳು.
ಮನಸ್ಸಿನಲ್ಲೇ ಅದನ್ನು ಮದುವೆಯ ಗೌನುಗಳಿಂದ ಭಾಗಿಸಹೊರಟೆ,
ಉತ್ತರ ಬರುವಷ್ಟರಲ್ಲಿ ಅವಳು ಅಡುಗೆಮನೆ ಸೇರಿದ್ದಳು.

ಗೋಡೆಯ ತಗಡಿಗೆ ಸಾಸಿವೆ ಹಳದಿ ಬೇಡ, ತಿಳಿಬೂದಿ ಬಳಿಸಿ.
ಫ್ರಿಜ್ ಮೇಲಿನ ಸಂತರನ್ನು ಕೆಳಗಿಳಿಸಿ.
ಹೊಲಿಗೆ ಯಂತ್ರ ಕಣ್ಣಿಗೆ ಬೀಳಬಾರದು:
ಇಲ್ಲಿ ಯಾರೋ ದುಡಿದರು ಅನ್ನಿಸಬಾರದು,
ಯಾರೋ ಕೂತು ಕಾಫಿ ಕುಡಿದರು ಅನ್ನಿಸಬೇಕು.
ಬಿರುಕುಗಳಿಗೆ ಗಾರೆ.
ಯಾವ ಬಿರುಕು ಯಾವ ಭೂಕಂಪದ್ದು ಎಂದು ಹೇಳಹೋದೆ;
"ಯಾರೂ ಕೇಳದೆ ಅದನ್ನು ಹೇಳಬೇಡಿ" ಎಂದಳು.

ಬೀರು ಸರಿಸಲು ಕೆಳಮನೆಯ ಇಪೋಲಿತೊ ಬಂದ.
"ಮೂಲೆಯಲ್ಲಿ ಗುಂಡಿ!" ಎಂದು ಕೂಗಿದ.
ನೆಲ ಕುಸಿದಿದೆಯೆಂದು ಯಾಸ್ನಾ ಪೆನ್ನು ತೆಗೆದಳು, ಕಳೆಯಲು.
ಆ ಗುಂಡಿಯಲ್ಲ ಮಾರಾಯ್ತಿ. ಕೋಟಿನ ಗುಂಡಿ, ಅಂಗಿಯ ಗುಂಡಿ,
ಚಿಪ್ಪಿನದು, ಕೊಂಬಿನದು,
ಲಂಗರು ಕೆತ್ತಿದ ಹಿತ್ತಾಳೆಯದೊಂದು
(ನೀವು ಕೊಟ್ಟೇ ಇಲ್ಲ ಎಂದು ಆ ನಾವಿಕನೊಂದಿಗೆ ಜಗಳವಾಡಿದ್ದೆ,
ಅವನು ಮತ್ತೆ ಬರಲಿಲ್ಲ).
ಬೊಗಸೆ ತುಂಬ ಬಂತು, ಚೆಲ್ಲಿತು.
ಮೂವತ್ತೊಂದು ವರ್ಷ ನನ್ನ ಕೈಜಾರಿದ್ದೆಲ್ಲ
ಒಂದೇ ದಾರಿ ಹಿಡಿದು ಒಂದೇ ಮೂಲೆ ಸೇರಿತ್ತು.

"ನೆಲಕ್ಕೆ ವಾಟ ಇದೆ" ಎಂದಳು ಯಾಸ್ನಾ,
ಮೆಲ್ಲಗೆ, ಡಾಕ್ಟರರು ಹೇಳುವ ಹಾಗೆ.
ಎತ್ತಿ ಸಮ ಮಾಡಲು ಬಡಗಿ ಕೇಳಿದ್ದು ನೂರಾ ಎಂಬತ್ತು.
ಅದಾಗದಿದ್ದರೆ ಒಂದು ಜಮಖಾನ ಹಾಸಿ.
ಹಾಸಿದೆ.

ಮೂರನೆಯ ಭಾನುವಾರ ಗಂಡಹೆಂಡಿರು ಬಂದರು.
ಎಲಿಯೆಸೆರ್ ಎಂದು ಅವನ ಹೆಸರು, ಬೂಟಿನ ಮೇಲೆ ಸಿಮೆಂಟು, ಮಾತು ಕಡಿಮೆ.
ಕಡಲಿಗೆ ಬೆನ್ನು ಮಾಡಿ ನಿಂತು
ಜೇಬಿನಿಂದ ಗೋಲಿ ತೆಗೆದ,
ಜಮಖಾನದ ಅಂಚು ಮಡಚಿ ನೆಲಕ್ಕಿಟ್ಟ.
ಗೋಲಿ ಒಂದು ಗಳಿಗೆ ಯೋಚಿಸಿತು,
ಆಮೇಲೆ ಮನೆಯವರ ಹಾಗೆ ನಡೆದುಹೋಯಿತು.
"ಇನ್ನೂರು ಇಳಿಸಿ."
ಅವನ ಹೆಂಡತಿ ಹೋಗಿ ಗೋಲಿ ಹೆಕ್ಕಿ ತಂದು
ಬೇರೆ ಕಡೆಯಿಂದ ಬಿಟ್ಟಳು. ಅಲ್ಲಿಗೇ ಹೋಯಿತು. ಮತ್ತೆ ಬಿಟ್ಟಳು.
"ಏನೇ ಕಳೆದುಹೋದರೂ ಮೊದಲು ಅಲ್ಲಿ ನೋಡಿ" ಎಂದುಬಿಟ್ಟೆ.
ಯಾಸ್ನಾ ಕಣ್ಣು ಮುಚ್ಚಿಕೊಂಡಳು.
ನೂರಾ ಇಪ್ಪತ್ತು ಇಳಿಸಿ ಮಾತು ಮುಗಿಯಿತು.

ಈಗ ಕಿಲ್ಪುಯೆಯಲ್ಲಿ, ಲಿಫ್ಟು ಇರುವ ಕಟ್ಟಡದಲ್ಲಿ ಇದ್ದೇನೆ.
ಈ ಮಂಡಿಗಳ ಸಲುವಾಗಿಯೇ ಮನೆ ಮಾರಿದ್ದು.
ಬಟ್ಟಲಲ್ಲಿ ನಿಂತ ಹಾಲಿನ ಹಾಗೆ ಸಮ, ಇಲ್ಲಿಯ ನೆಲ.
ನಿನ್ನೆ ಒಂದು ಗುಂಡಿ ಬಿತ್ತು, ಮುತ್ತಿನ ಬಣ್ಣದ್ದು, ಸೆಟ್ಟಿನ ಕೊನೆಯದು.
ನೆಟ್ಟಗೆ ಎದ್ದು ಆ ಮೂಲೆಗೆ ಹೋದೆ.
ಅಲ್ಲಿ ವಾಷಿಂಗ್ ಮೆಷಿನ್ ಇತ್ತು.
ಸಮನೆಲದ ಮೇಲೆ ಬಿದ್ದದ್ದು ಎಲ್ಲಿ ಬೇಕಾದರೂ ಇರಬಹುದು:
ಸೋಫಾದ ಅಡಿ, ಒಲೆಯ ಅಡಿ, ಬಾಗಿಲ ಸಂದು.
ಟಾರ್ಚು ಹಿಡಿದು, ಮಂಡಿಯೂರಿ,
ಒಂದೊಂದೇ ಹಂಚು ಸವರುತ್ತಿದ್ದೇನೆ.
ನಾಳೆ ಹತ್ತಕ್ಕೆ ಗಿರಾಕಿ ಬರುತ್ತಾಳೆ.