ನೂರು ಗಜದ ಚೌಕ

ಮೂವತ್ತೊಂದು ವರ್ಷ ಸರಪಣಿ ಎಳೆದವನು ನಾನು,
ಹೊಳಲ್ಕೆರೆ, ಹಿರಿಯೂರು, ಮೊಳಕಾಲ್ಮೂರಿನ ತನಕ.
ಹುಲ್ಲಲ್ಲಿ ಹೂತ ಬಾಂದುಕಲ್ಲನ್ನು
ಕಾಲ ಹೆಬ್ಬೆರಳಲ್ಲೇ ಪತ್ತೆ ಹಚ್ಚಿದವನು.
ಅಣ್ಣತಮ್ಮಂದಿರ ಎಷ್ಟೋ ಜಗಳ
ನನ್ನ ಟೇಪಿನಡಿ ತಣ್ಣಗಾದವು. ಕೆಲವು ಆಗಲಿಲ್ಲ.
ಸೋದರಮಾವ ಸತ್ತ ಜಾಗ ಮಾತ್ರ
ಯಾವ ಟಿಪ್ಪಣಿ ಪುಸ್ತಕದಲ್ಲೂ ಇಲ್ಲ.

ತಂತಿಯಲ್ಲಿ ಇದ್ದದ್ದು ‘ಬರ್ಮಾ’, ಅಷ್ಟೇ.
ಅಜ್ಜ ದೊಡ್ಡಪೇಟೆಗೆಲ್ಲ ‘ರಂಗೂನು’ ಅಂದುಬಿಟ್ಟ,
ಕೇಳುವವರಿಗೆ ಗೊತ್ತಿದ್ದ ಊರು ಅದೊಂದೇ.
ಮೇಜರೊಬ್ಬನ ಪತ್ರದಲ್ಲಿ ‘ನದಿಯ ಸಮೀಪ’,
ಮತ್ತೆ ‘ನರಳಲಿಲ್ಲ’ ಎಂಬ ಮಾತು.
ಎಲ್ಲರ ಮನೆಗೂ ಬರೆಯುವ ಸಾಲಂತೆ ಅದು,
ನನಗೆ ತಿಳಿದದ್ದು ಈಚೆಗೆ. ಅವ್ವನಿಗೆ ತಿಳಿಸಿಲ್ಲ.
ಗೋರಿಯಿಲ್ಲದವರಿಗೆಂದು ನೆಟ್ಟ ಕಂಬದಲ್ಲಿ
ಕ್ಯಾಪ್ಟನ್ ಗುರುಶಾಂತಯ್ಯ ಇದ್ದಾನೆ,
ಇಂಗ್ಲಿಷಿನಲ್ಲಿ, ಎರಡಕ್ಷರ ತಪ್ಪಿ.

ಟ್ರಂಕು ಬಂತು. ಪೆನ್ನು, ಕ್ಷೌರದ ಬಟ್ಟಲು,
ಮಲೇರಿಯಾ ಕುರಿತ ನೋಟುಬುಕ್ಕು,
ಅದರ ಕೊನೆಯ ಪುಟದಲ್ಲಿ ಅಗಸನ ಲೆಕ್ಕ:
ಅಂಗಿ ಮೂರು, ಕಾಲುಚೀಲ ಐದು.
ಐದು ಹೇಗೆ ಎಂದು ನಾನೂ ಅವ್ವನೂ ನಕ್ಕಿದ್ದುಂಟು.

ಕೊರಳಲ್ಲಿ ಎರಡಿದ್ದವು ಅವನಿಗೆ.
ಪಲ್ಟನ್ನು ಕೊಟ್ಟ ನಂಬರಿನ ಬಿಲ್ಲೆ,
ಎಂಟನೆಯ ವಯಸ್ಸಿಗೆ ಅಯ್ಯನವರು ಕಟ್ಟಿದ ಲಿಂಗ.
ಎರಡೂ ಟ್ರಂಕಿನಲ್ಲಿರಲಿಲ್ಲ.

ದಿಲ್ಲಿಯಿಂದ ಏಳು ತಿಂಗಳಿಗೆ ಬಂತು
ಯುದ್ಧದ ದಿನಚರಿಯ ಒಂದು ಹಾಳೆ, ಮಸುಕು ನಕಲು.
‘ಬೆಳಗ್ಗೆ ಆರು ನಲವತ್ತು. ಗಾಯಾಳುಗಳ ಠಾಣೆಗೆ ಮಾರ್ಟರ್.
ವೈದ್ಯಾಧಿಕಾರಿ ಮೃತ. ಡೋಲಿಯವರು ಇಬ್ಬರು.’
ಅಂಚಿನಲ್ಲಿ ಆರು ಅಂಕಿ.

ಆರು ಅಂಕಿ!
ಎಪ್ಪತ್ತು ವರ್ಷ ಎಲ್ಲರೂ ಅತ್ತರು, ದೀಪ ಹಚ್ಚಿದರು,
ಯಾರೂ ನನ್ನ ಭಾಷೆಯಲ್ಲಿ ಮಾತಾಡಿರಲಿಲ್ಲ.
ಮೊದಲ ಮೂರು ಪೂರ್ವಕ್ಕೆ, ಉಳಿದ ಮೂರು ಉತ್ತರಕ್ಕೆ.
ಹಳೆಯ ನಕ್ಷೆ ಹಾಸಿ, ಸುರುಳಿ ಏಳುವ ಮೂಲೆಗೆ
ಅವ್ವನ ಮಾತ್ರೆ ಡಬ್ಬಿ ಹೇರಿ
ಪೆನ್ಸಿಲ್ ಊರಿದೆ.
ಆರು ಅಂಕಿಗೆ ಸಿಗುವುದು ಚುಕ್ಕಿಯಲ್ಲ,
ನೂರು ಗಜದ ಚೌಕ.
ಎರಡು ಎಕರೆ, ಎರಡೂವರೆ ಗುಂಟೆ, ಚಿಲ್ಲರೆ.
ಅಭ್ಯಾಸಬಲ, ಗುಣಿಸಿಬಿಟ್ಟಿದ್ದೆ.
ಚಕ್ಕುಬಂದಿಯನ್ನೂ ಬರೆದೆ:
ಪೂರ್ವಕ್ಕೆ ಬಿದಿರುಮೆಳೆ, ಪಶ್ಚಿಮಕ್ಕೆ ಒಣಹಳ್ಳ,
ದಕ್ಷಿಣಕ್ಕೆ ಬಂಡಿದಾರಿ, ಉತ್ತರಕ್ಕೆ ಮರಳು.

ಪಕ್ಕದ ಮನೆಯ ಹುಡುಗಿ ಫೋನಿನಲ್ಲಿ
ಆಕಾಶದಿಂದ ತೆಗೆದ ಚಿತ್ರ ತೋರಿಸಿದಳು.
ಮರಳಿಲ್ಲ, ಮೆಳೆಯಿಲ್ಲ.
ನದಿ ನಿದ್ದೆಯಲ್ಲಿ ಮಗ್ಗುಲು ಬದಲಿಸಿದೆ,
ನನ್ನ ಚೌಕ ನಡುನೀರಿನಲ್ಲಿ.
ಬೆರಳಲ್ಲಿ ಹಿಗ್ಗಿಸಿದಷ್ಟೂ ಕಂದು.

ಇದು ದುರ್ಗ. ಜೋಗಿಮಟ್ಟಿಯ ಬಂಡೆಗೆ ಕೊರೆದ ಗುರುತು
ಕೊರೆದಲ್ಲೇ ಇರುತ್ತದೆ, ಕೊರೆದವನು ಹೋದರೂ.
ನೆಲವೇ ಎದ್ದು ಹೊರಡಬಹುದೆಂದು
ನಮ್ಮ ಇಲಾಖೆ ನನಗೆ ಕಲಿಸಿರಲಿಲ್ಲ.

‘ಅಳ್ತೆ ಆತೇನಪ್ಪ?’ ಅಂದಳು ಅವ್ವ ಒಳಗಿಂದ.
‘ಆತವ್ವ.’
‘ಲಿಂಗ ಅಂಗೈಗೆ ಇಟ್ರಂತಾ?’
ನಾನು ಪೆನ್ಸಿಲ್ ಹೆರೆಯುತ್ತಿದ್ದೆ.
‘ಜೊತೆಗಿದ್ದ ಹುಡುಗ್ರು ಇಟ್ಟಿರ್ತಾರೆ ಬಿಡು’
ಅಂದು ತಾನೇ ಗೋಡೆಗೆ ತಿರುಗಿದಳು.

ಜೊತೆಗಿದ್ದವರು ಡೋಲಿ ಹಿಡಿದವರು.
ಅದೇ ಗುಂಡು, ಅದೇ ಎರಡು ಎಕರೆ.
ದಿನಚರಿಯಲ್ಲಿ ಅವರಿಗೆ ಹೆಸರಿಲ್ಲ, ಲೆಕ್ಕವಿದೆ.

ಚಕ್ಕುಬಂದಿಯ ಕೆಳಗೆ ಖಾತೆದಾರರ ಕಾಲಮು ಗೀರಿ
ಮಾವನ ಹೆಸರು ಬರೆದೆ, ಅಕ್ಷರ ತಪ್ಪದೆ.
ಅದರಡಿ ಎರಡು ಸಾಲು ಖಾಲಿ.
ದಿಲ್ಲಿಗೆ ಇನ್ನೊಂದು ಅರ್ಜಿ ಹೋಗಬೇಕು,
ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು
ನಾಳೆ ಶನಿವಾರ, ಅಂಚೆ ಕಚೇರಿ ಮಧ್ಯಾಹ್ನದ ತನಕ ಮಾತ್ರ.