ಏಳನೇ ತಿದ್ದುಪಡಿ

ಪೀಣ್ಯ ಎರಡನೇ ಹಂತ, ಹಿಂದಿನ ಓಣಿ,
ಪೌಡರ್ ಕೋಟಿಂಗಿನ ವಾಸನೆಗೆ ಅಂಟಿಕೊಂಡ ಶೆಡ್ಡು.
ಗೀಸರಿನ ಹೊಟ್ಟೆ ಬಗೆದು ನೋಡುವುದು ನನ್ನ ಕೆಲಸ.
ಕತ್ತಿನ ಕಾರ್ಡಿನಲ್ಲಿ ಮಾತ್ರ 'ಟೆಸ್ಟಿಂಗ್' ಅಂತಿದೆ.

ಮೊದಲ ನಕ್ಷೆಯಲ್ಲಿ ಒಂದೇ ತೊಟ್ಟಿ,
ಮದುವೆಮನೆ ಅಡುಗೆಭಟ್ಟರ ಹೊಟ್ಟೆಯ ಹಾಗೆ ದುಂಡಗೆ.
ಲಗ್ಗೆರೆಯ ಬಚ್ಚಲುಗಳಲ್ಲಿ ಅದಕ್ಕೆ ಜಾಗವಿಲ್ಲ.
ಬಾಗಿಲು ತೆಗೆದರೆ ಕಮೋಡು, ಅದರ ಮೇಲೆ ಕಿಟಕಿ,
ಕಿಟಕಿಯ ಮೇಲೆ ಒಂದು ಮೊಳ ಗೋಡೆ.
ಆ ಒಂದು ಮೊಳಕ್ಕಾಗಿ
ಮೂರು ವರ್ಷ ದುಡಿದೆವು.

"ಒಂದನ್ನು ಮೂರು ಮಾಡೋಣ" ಅಂದರು ಗುರುಪಾದಯ್ಯ ಸರ್.
ಸಪೂರ ತೊಟ್ಟಿಗಳು, ಕೈಗೆ ಕೈ ತಾಗಿಸಿ ನಿಂತಂತೆ,
ಒಂದರ ನೆತ್ತಿಯಿಂದ ಇನ್ನೊಂದರ ಪಾದಕ್ಕೆ ಕೊಳವೆ.
ತಣ್ಣೀರು ಬಂದು ಬಿಸಿನೀರನ್ನು ದೂಡಬೇಕು,
ಬೆರೆಯಬಾರದು.
ಒಂದೇ ತೊಟ್ಟಿಯಾದರೆ
ತಡವಾಗಿ ಬಂದ ನೆಂಟನ ಹಾಗೆ ತಣ್ಣೀರು
ಪಂಕ್ತಿಯ ನಡುವೆಯೇ ನುಗ್ಗಿ ಕೂರುತ್ತದೆ,
ಎಲ್ಲರ ಎಲೆಯೂ ಆರಿಹೋಗುತ್ತದೆ.

ಎರಡಿದ್ದ ಬೆಸುಗೆ ಎಂಟಾಯಿತು.
ಸಗಾಯ ಮೇರಿ ಮುಖವಾಡ ಎತ್ತಿ ನಕ್ಕಳು:
"ಎಂಟು ಬೆಸುಗೆ ಅಂದ್ರೆ, ಮೇಡಂ,
ಗುಟ್ಟು ನಿಲ್ಲದ ಎಂಟು ಬಾಯಿ."
ಮೈ ಹರಡಿದಷ್ಟೂ ಬಿಸಿ ಬೇಗ ಆರುತ್ತಿತ್ತು.
ಮೂರಕ್ಕೂ ಸೇರಿ ಒಂದೇ ಫೋಮಿನ ಕಂಬಳಿ ಹೊದಿಸಿದೆವು.

ಆಮೇಲೆ ಬೋರ್‌ವೆಲ್ ನೀರು.
ಕಾಯಿಲಿಗೆ ಸುಣ್ಣ ಕಚ್ಚಿಕೊಳ್ಳುತ್ತದೆ,
ಬಾಣಲೆಯ ತಳ ಹಿಡಿದ ಉಪ್ಪಿಟ್ಟಿನ ಹಾಗೆ.
ಕೆರೆದು ತೆಗೆಯಲು ಬುಡಕ್ಕೊಂದು ಮುಚ್ಚಳ ಇಟ್ಟೆವು.
ಒಳಗೊಂದು ಮೆಗ್ನೀಸಿಯಂ ಕಡ್ಡಿ,
ತೊಟ್ಟಿಯ ಬದಲು ತಾನು ಸವೆಯಲು ಒಪ್ಪಿಕೊಂಡದ್ದು.
ಕೈಪಿಡಿಯಲ್ಲಿ ಅದಕ್ಕೆ ಒಂದು ಸಾಲು,
ಅದೂ ಪುಟದ ಕೊನೆಗೆ, ಸಣ್ಣ ಅಕ್ಷರದಲ್ಲಿ.

ಆರನೇ ತಿದ್ದುಪಡಿ ಎಲ್ಲ ಪರೀಕ್ಷೆ ಪಾಸಾಯಿತು.
ಡಿಸೆಂಬರು. ಒಂದನ್ನು ಆಟೋದಲ್ಲಿ ಮನೆಗೆ ತಂದೆ,
ಮಡಿಲಲ್ಲಿ ಇಟ್ಟುಕೊಂಡು.
ಮಾವ ಮಿಂದರು. ಅವರು ಮಿಂದರು.
ಶಾಲೆಯ ಇಬ್ಬರು ಜಗಳವಾಡುತ್ತಾ ಮಿಂದರು.
ಐದನೇ ಬಕೆಟ್ಟಿಗೆ ಥರ್ಮಾಮೀಟರ್ ಇಳಿಬಿಟ್ಟೆ.

ಮರುದಿನ ತಃಖ್ತೆಯಲ್ಲಿ ಒಂದು ಕಾಲಂ ಹೆಚ್ಚಿಗೆ ಎಳೆದಿದ್ದೆ.
"ಇದು ಯಾವ ಮಾನದಂಡ?" ಅಂದರು ಸರ್.
"ಐದನೇ ಬಕೆಟ್ಟು."
"ಎಷ್ಟು ಬಂತು?"
"ಮೂವತ್ತೊಂದು ಡಿಗ್ರಿ."
"ಅದು ಬಿಸಿನೀರಲ್ಲ."
"ಹೌದು ಸರ್. ಹನ್ನೊಂದು ವರ್ಷದಿಂದ ಅಲ್ಲ."

ಅವರು ಕನ್ನಡಕ ಒರೆಸಿದರು. ಇನ್ನೊಮ್ಮೆ ಒರೆಸಿದರು.
ಅವರ ಮನೆಯಲ್ಲಿ ಎಷ್ಟು ಜನವೋ,
ಕೊನೆಗೆ ಯಾರೋ, ನಾನು ಕೇಳಲಿಲ್ಲ.
ಪೆನ್ಸಿಲ್ಲು ಹುಡುಕಿ ನಕ್ಷೆ ಬಿಡಿಸಿದರು.

ಕೊನೆಯ ತೊಟ್ಟಿ ಕಾದ ಕೂಡಲೇ
ಥರ್ಮೋಸ್ಟಾಟು ನಿದ್ದೆಹೋಗುತ್ತಿತ್ತು,
ಹಿಂದಿನ ಎರಡು ತಣ್ಣಗೆ ನಿಂತಿರುತ್ತಿದ್ದವು.
ಮೂರಕ್ಕೂ ಒಟ್ಟಿಗೆ ಕರೆಂಟು ಕೊಟ್ಟರೆ
ಬಡ ಮನೆಯ ಫ್ಯೂಸು ತಡೆಯುವುದಿಲ್ಲ.
ಹಾಗಾಗಿ ಈಗ ಸರದಿ:
ಮುಂದಿನದು ಕಾದರೆ ನಡುವಿನದಕ್ಕೆ,
ನಡುವಿನದು ಕಾದರೆ ಹಿಂದಿನದಕ್ಕೆ.
ಒಬ್ಬರು ಮೈಗೆ ಸೋಪು ಹಚ್ಚುವಷ್ಟರಲ್ಲಿ
ಬಾಗಿಲಾಚೆ ನಿಂತವರ ನೀರು ಕಾಯುತ್ತಿರುತ್ತದೆ.
ಬರೆಯಲು ಒಂದು ಗೆರೆ, ಒಂದು ರಿಲೇ.
ಬೆಲೆ ನೂರಾ ನಲವತ್ತು ರೂಪಾಯಿ.
ಖರೀದಿ ವಿಭಾಗದವರು ಇನ್ನೂ ಗೊಣಗುತ್ತಿದ್ದಾರೆ.

ಇವತ್ತು ಏಳನೆಯದನ್ನು ಬೆಂಚಿಗೆ ಏರಿಸಿದೆ.
ಐದನೇ ಬಕೆಟ್ಟು ಮೂವತ್ತೊಂಬತ್ತು.
ಆದರೆ ನಾಲ್ಕನೇ ಬೆಸುಗೆ ಬಾಯಿ ಬಿಟ್ಟಿದೆ,
ಹನಿ, ಬಿಟ್ಟು ಬಿಟ್ಟು ಹನಿ.
ಮೇರಿ ಬೈದುಕೊಳ್ಳುತ್ತಾ ಟಾರ್ಚ್ ತರಲು ಹೋದಳು.
ನಾನು ಕೆಳಗೆ ಅಂಗೈ ಒಡ್ಡಿದೆ,
ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು.

ವರದಿಯಲ್ಲಿ ಬರೆದಿದ್ದೇನೆ:
ಸೋರಿಕೆ, ಇದೆ.
ಸೋರಿದ್ದು, ಬಿಸಿ.