ಬೋಣಿಗೆ

ಹಡಗಿನ ಐದನೇ ಅಂತಸ್ತಿನಲ್ಲಿ, ಸಂಜೆ ಏಳೂವರೆಗೆ,
ಪಿಯಾನೋ ಮೇಲಿನ ಗಾಜಿನ ಲೋಟಕ್ಕೆ
ಮೊದಲ ನೋಟು ನಾನೇ ಹಾಕುತ್ತೇನೆ.
ಬೋಣಿಗೆಯಾಗದ ಕಡೆ ಯಾರೂ ತಿರುಗಲ್ಲ
ಎಂದು ಅಬ್ಬಾ ಹೇಳುತ್ತಿದ್ದದ್ದು
ಮಂಡಕ್ಕಿ ಗಾಡಿಯ ವಿಷಯಕ್ಕೆ.

ಎದೆ ಮೇಲಿನ ಬಿಲ್ಲೆಯಲ್ಲಿ ದಾದಾಪೀರ್ ಹಿಡಿಸಲಿಲ್ಲ,
ದಾದಾ ಎಂದಷ್ಟೇ ಕೊರೆದರು.
ಎಪ್ಪತ್ತು ದಾಟಿದವರೂ ನನ್ನನ್ನು
ಅಜ್ಜ ಎಂದು ಕೂಗುತ್ತಾರೆ, ಅರ್ಥ ಗೊತ್ತಿಲ್ಲದೆ.
ಕಲಿತದ್ದು ಕಾನ್ವೆಂಟಿನಲ್ಲಿ, ಚೀಲ ಇಳಿಸಿ ಬರುವಾಗ
ಸಿಸ್ಟರ್ ಬೆನಿಡಿಕ್ಟಾ ಬೀಗ ಮರೆತ ಮಧ್ಯಾಹ್ನಗಳಲ್ಲಿ.
ಮರೆತಿದ್ದಳೋ, ಬಿಟ್ಟಿದ್ದಳೋ.

ಬಾರಿಸಬೇಕು, ಕೇಳಿಸಬಾರದು. ಅದೇ ಕರಾರು.
ಮಾತಿಗಿಂತ ಒಂದು ಗೇಣು ಕೆಳಗೆ,
ಚಮಚದ ಸದ್ದಿಗಿಂತ ಒಂದು ಬೆರಳು ಮೇಲೆ.
ಅಲೆ ಎದ್ದ ರಾತ್ರಿ ಕುರ್ಚಿಗಳೆಲ್ಲ ಜಾರುತ್ತವೆ;
ಪಿಯಾನೋವನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದಾರೆ,
ನನ್ನನ್ನು ಬಿಗಿದಿಲ್ಲ.
ಉಪ್ಪುಗಾಳಿಗೆ ಎಡಗಡೆಯ ಒಂದು ತಂತಿ ಸಡಿಲಾಗಿ
ಮೂರು ತಿಂಗಳಿಂದ ಅಪಸ್ವರ.
ಒಬ್ಬರೂ ದೂರು ಕೊಟ್ಟಿಲ್ಲ.

ಈಗ ರಜೆ.
ದಾವಣಗೆರೆಯಲ್ಲಿ ನೆಲ ಅಲುಗುವುದಿಲ್ಲ ಎಂಬುದೇ
ಮೊದಲ ವಾರದ ತಲೆಸುತ್ತು.
ಸ್ಟೇಷನ್ನಿನಿಂದ ಆಟೋದಲ್ಲಿ ಬರುವಾಗ ಬಲಗಾಲು
ಇಲ್ಲದ ಪೆಡಲನ್ನು ಒತ್ತುತ್ತಲೇ ಇತ್ತು.
"ಬ್ರೇಕು ನನ್ ಕಾಲಾಗೈತಣ್ಣ, ಸುಮ್ನೆ ಕುಂದ್ರು" ಎಂದ ಡ್ರೈವರು.

ನಿದ್ದೆ ಬಾರದೆ ಮೂರು ಗಂಟೆಗೆ ಭಟ್ಟಿಗೆ ಹೋದೆ.
ಹೊಟ್ಟಿನ ಬೆಂಕಿ, ಹೊಗೆ ಕುಡಿದು ಕಪ್ಪಾದ ಹೆಂಚು.
ಕಾದ ಮರಳಿನೊಳಗೆ ಅಕ್ಕಿ ಅರಳುವ ಸದ್ದು
ಡೆಕ್ಕಿನ ಮೇಲಿನ ಮಳೆಯಂತೆ ಎನ್ನಬಹುದಿತ್ತು;
ಎನ್ನುವುದಿಲ್ಲ, ಅದು ಅಕ್ಕಿಯದೇ ಸದ್ದು.
ಖಾಲಾ ಮಾಬುಬಿ ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿ
ಜರಡಿ ಆಡಿಸುತ್ತಿದ್ದಳು.

"ಅಲ್ಲೇನ್ ಮಾಡ್ತೀಯೋ, ಒಂದ್ಸಲ ತೋರ್ಸು."
ಬೋರಲು ಹಾಕಿದ ಎಣ್ಣೆ ಡಬ್ಬದ ಮೇಲೆ ಹತ್ತೂ ಬೆರಳಿಟ್ಟೆ.
ಸ್ವರವಿಲ್ಲ, ತಗಡಿನ ಟಕಟಕ ಅಷ್ಟೇ.
ಹನ್ನೊಂದು ತಿಂಗಳು ಯಾರ್ಯಾರದೋ ಬೆನ್ನಿಗೆ ಬಾರಿಸಿದ್ದನ್ನು
ಅವಳ ಮುಖಕ್ಕೆ ಬಾರಿಸಿದೆ.
ಜರಡಿ ನನ್ನ ಬೆರಳ ಹಿಂದೆ ಓಡಿತು,
ಎಡವಿತು, ನಿಂತಿತು.

"ನಿಧಾನ ಬಾರ್ಸೋ ಹುಚ್ಚಪ್ಪ!
ನಿನ್ ಆತುರಕ್ಕೆ ನನ್ ಕೈ ತಪ್ತೈತಿ,
ಅಕ್ಕಿ ಸೀದು ಹೋಗ್ತಾವು."

ನಿಧಾನ ಮಾಡಿದೆ. ಇನ್ನೂ, ಎಂದಳು. ಇನ್ನೂ ಮಾಡಿದೆ.

ಆಮೇಲೆ ಡಬ್ಬದ ಮೂಲೆಗೆ
ಒಂದು ಹಿಡಿ ಬಿಸಿ ಮಂಡಕ್ಕಿ ಸುರಿದಳು.
ಬಾರಿಸಿದಷ್ಟೂ ಕುಣಿದು ಚೆಲ್ಲುತ್ತಿತ್ತು.
ಬಲಗೈ ತಿನ್ನತೊಡಗಿತು.
ಎಡಗೈ ನಿಲ್ಲಲಿಲ್ಲ.